ಬಿರುದಿಲ್ಲದ ಬಿನ್ನವತ್ತಳೆ

ಫೆಬ್ರವರಿ 4, ನೆವಾರ್ಕ್ (ಓಕ್ಲ್ಯಾಂಡ್ ಬಳಿ)

ಎದುರುಮನೆಯ ಮುದುಕಿ ಹೇಳಿದಳೆಂದು ಈ ದಿನಚರಿ ಶುರುಮಾಡಿದ್ದಲ್ಲ. ಮಗಳು ಗಾರ್ಗಿ ತಂದುಕೊಟ್ಟ ದಪ್ಪ ರಟ್ಟಿನ ಪುಸ್ತಕ ಹಾಳಾಗಬಾರದು ಎಂದು, ಅಷ್ಟೇ. ಮುದುಕಿ ಹೇಳಿದ್ದಂತೂ ನಿಜ. ಬೆಳಿಗ್ಗೆ ಕಸದ ಡಬ್ಬಿ ರಸ್ತೆಗೆ ಎಳೆಯುವಾಗ ಸಿಕ್ಕಿದಳು. "ನಮ್ಮವರೆಲ್ಲ ದಿನಚರಿ ಬರೆಯುತ್ತಾರೆ ಪ್ರೊಫೆಸರ್. ಚಿಕ್ಕಂದಿನಲ್ಲೇ ರೂಢಿ ಮಾಡಿಸುತ್ತಾರೆ. ಯಾರೂ ಓದದಿದ್ದರೂ ಬರೆಯಬೇಕು" ಎಂದಳು. ಯಾರೂ ಓದದ್ದನ್ನು ಬರೆಯುವುದರಲ್ಲಿ ನನಗೂ ಅನುಭವವಿದೆ. ನನ್ನ ಪಿಎಚ್.ಡಿ. ಪ್ರಬಂಧವೇ ಸಾಕ್ಷಿ.

ಅವಳ ಹೆಸರು ಅರ್ಡೆಲ್ ಥಾರ್ಸನ್. ಎಂಬತ್ತು ದಾಟಿದೆ. ಹೇವರ್ಡಿನ ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತಳಾದವಳು, ವಿದ್ವಾಂಸಳು, ಕವಿ. ನಾಲ್ಕು ಸಂಕಲನ ಬಂದಿವೆಯಂತೆ, ನಾಲ್ಕನ್ನೂ ಸೇರಿಸಿದರೂ ನಮ್ಮ ಪಂಚಾಂಗದಷ್ಟು ದಪ್ಪವಿಲ್ಲ. ಮತದಿಂದ ಮಾರ್ಮನ್, ಯೂಟಾ ಕಡೆ ಹೆಚ್ಚಿರುವ ಒಂದು ಕ್ರೈಸ್ತ ಪಂಗಡ. ಅವರು ಕಾಫಿ, ಟೀ ಮುಟ್ಟುವುದಿಲ್ಲ. ಕಾಫಿ ಇಲ್ಲದೆ ಕವಿತೆ ಹೇಗೆ ಹುಟ್ಟುತ್ತದೋ ನನಗೆ ತಿಳಿಯದು.

ನಮ್ಮ ಮನೆಯವಳು ಹೋಗಿ ಜೂನಿಗೆ ವರ್ಷವಾಗುತ್ತದೆ. ಮೈಸೂರಿನ ಮನೆಗೆ ಬೀಗ ಹಾಕಿಸಿ ಗಾರ್ಗಿ ನನ್ನನ್ನು ಇಲ್ಲಿಗೆ ಕರೆತಂದಳು. ಮಗಳ ಮನೆಯಲ್ಲಿ ಇಷ್ಟು ದಿನ ಇರುವುದು ನಮ್ಮಲ್ಲಿ ಪದ್ಧತಿಯಲ್ಲ. ಆದರೆ ಅಳಿಯ ಅಭಿರಾಮ್ ಒಳ್ಳೆಯವನು, ಮಾತಾಡುವುದಿಲ್ಲ.

ಫೆಬ್ರವರಿ 11

ಮೊಮ್ಮಗಳು ನಿಹಾರಿಕಾ ಎದುರುಮನೆಯಲ್ಲಿ ನನ್ನ ಬಗ್ಗೆ ಜಂಬ ಕೊಚ್ಚಿದ್ದಾಳೆ. "ಮೈ ತಾತ ರೈಟ್ಸ್ ಪೀಪಲ್ಸ್ ಲೈವ್ಸ್" ಅಂತ. ತಪ್ಪೇನಿಲ್ಲ. ಮೈಸೂರಿನಲ್ಲಿ ಯಾರಿಗೆ ಸನ್ಮಾನವಾದರೂ ಬಿನ್ನವತ್ತಳೆ ಬರೆಯಲು ಪ್ರೊ. ರಘೋತ್ತಮನೇ ಬೇಕಿತ್ತು. ಕುಲಪತಿಗಳಿಂದ ಹಿಡಿದು ಕಣ್ಣಿನ ಡಾಕ್ಟರರವರೆಗೆ, 'ವಿದ್ವತ್ತಿನ ಮೇರುಶಿಖರ', 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಲ್ಲ ನನ್ನ ಟಂಕಸಾಲೆಯವೇ. ಚೌಕಟ್ಟು ಹಾಕಿಸಿ ಊರ ತುಂಬ ನೇತುಹಾಕಿದ್ದಾರೆ.

ಅದನ್ನು ಕೇಳಿ ಥಾರ್ಸನ್ ನನ್ನನ್ನು ಕರೆಸಿದಳು. ನೇರ ಮಾತು. ಹೃದಯ ಸೋತಿದೆ, ಬೇಸಿಗೆ ದಾಟುವುದು ಅನುಮಾನ, ಇನ್ನೊಂದು ಆಪರೇಷನ್ನು ಬೇಡವೆಂದು ಹೇಳಿಯಾಗಿದೆ. ಅವರಲ್ಲಿ ಅಂತ್ಯಕ್ರಿಯೆಯ ದಿನ ಸತ್ತವರ ಜೀವನಚಿತ್ರವನ್ನು ಒಬ್ಬರು ಎದ್ದು ನಿಂತು ಓದುತ್ತಾರೆ. ಗಂಡ ಹೋಗಿದ್ದಾನೆ, ಮಕ್ಕಳಿಲ್ಲ. ನಾನು ಬರೆದು ಓದಬೇಕಂತೆ.

"ನಿಮ್ಮ ಚರ್ಚಿನವರು ಇದ್ದಾರಲ್ಲ?" ಎಂದೆ.

"ಇದ್ದಾರೆ. ಒಳ್ಳೆಯವರು. ನನ್ನನ್ನು ದೇವತೆ ಮಾಡಿ ಕೂರಿಸುತ್ತಾರೆ. ನೀವು ನನ್ನ ಜೊತೆ ಜಗಳವಾಡುತ್ತೀರಿ, ಅದಕ್ಕೇ ನೀವು. ಆದರೆ ನಾನು ಬದುಕಿರುವಾಗಲೇ ಓದಿ ಕೇಳಿಸಬೇಕು. ಒಪ್ಪಿಗೆಯಾಗದಿದ್ದರೆ ಮತ್ತೆ ಬರೆಯಬೇಕು."

ನನ್ನ ಬಿನ್ನವತ್ತಳೆಯನ್ನು ಯಾರೂ ತಿರಸ್ಕರಿಸಿದ ಚರಿತ್ರೆಯಿಲ್ಲ. ವಾರದಲ್ಲಿ ಮುಗಿಸುತ್ತೇನೆ ಎಂದೆ. ಬದಲಿಗೆ ಅವಳು ನಿಹಾರಿಕಾಳ ಶಾಲೆಯ ಪ್ರಾಜೆಕ್ಟಿಗೆ ನಮ್ಮ ವಂಶವೃಕ್ಷ ಮಾಡಿಕೊಡುತ್ತಾಳಂತೆ. ವಂಶಾವಳಿ ಹುಡುಕುವುದು ಅವರಲ್ಲಿ ಧರ್ಮದ ಕೆಲಸ. ಅವಳಿಗೆ ಅದೇ ಪಾಂಡಿತ್ಯ ಕೂಡ.

ಫೆಬ್ರವರಿ 18

ತಿರಸ್ಕರಿಸಿದಳು.

'ಪಡುವಣ ಕಾವ್ಯಗಗನದ ಧ್ರುವತಾರೆ' ಎಂಬಲ್ಲಿಗೇ ಕೈ ಎತ್ತಿ ನಿಲ್ಲಿಸಿದಳು. ಇಂಗ್ಲಿಷಿನಲ್ಲಿ ಅದು ಇನ್ನೂ ಗಂಭೀರವಾಗಿ ಕೇಳಿಸುತ್ತದೆ. "ನಾನು ಮಣ್ಣಿಗೆ ಹೋಗುವವಳು, ಪ್ರೊಫೆಸರ್. ಆಕಾಶದ ಸುದ್ದಿ ಯಾಕೆ?" ಎಂದಳು. ಪೂರ್ತಿ ಕೇಳಿಸಿಕೊಳ್ಳಿ ಎಂದೆ. ಕೇಳಿದಳು. "ಇದರಲ್ಲಿ ನನ್ನ ಹೆಸರು ತೆಗೆದು ನಿಮ್ಮ ಕಣ್ಣಿನ ಡಾಕ್ಟರರ ಹೆಸರು ಹಾಕಿದರೆ ಏನು ವ್ಯತ್ಯಾಸವಾಗುತ್ತದೆ?"

ಏನೂ ಆಗುವುದಿಲ್ಲ. ಅದೇ ಅದರ ಅನುಕೂಲ.

ಹೊಸ ಷರತ್ತು: ಬಿರುದು ಬೇಡ, ಹೊಗಳಿಕೆಯ ಒಂದು ಪದವೂ ಬೇಡ. ಉಪ್ಪಿಲ್ಲದೆ ಅಡಿಗೆ ಮಾಡಿಸುವ ಹಾಗೆ.

ಫೆಬ್ರವರಿ 25

ಪಾರ್ಕಿನ ಬೆಂಚಿನ ಗೆಳೆಯ ವಿರುಪಾಕ್ಷಪ್ಪ ಇವತ್ತು ನನ್ನ ರಕ್ತ ಕುದಿಸಿದ. ರಾಣೆಬೆನ್ನೂರಿನವನು, ಬೀಜದ ವ್ಯಾಪಾರ ಮಾಡಿ ಈಗ ಮಗನ ಮನೆಯಲ್ಲಿದ್ದಾನೆ, ಗೂಗಲ್ಲಿನಲ್ಲಿ ಎಲ್ಲ ಓದುತ್ತಾನೆ.

"ಮಾಸ್ತರ, ಆಕಿಗೆ ನಿಮ್ಮನೀ ಹಿರೇರ ಹೆಸರೆಲ್ಲ ಕೊಟ್ಟೀರೇನ್ರೀ? ಕೆಟ್ರಿ! ಅವ್ರು ಸತ್ತೋರಿಗೂ ದೀಕ್ಷಾ ಕೊಡ್ತಾರ. ಹೆಸರು ಸಿಕ್ರ ಸಾಕು, ಓಕ್ಲ್ಯಾಂಡ್ ಗುಡ್ಡದ ಮ್ಯಾಲಿನ ಗುಡಿಯಾಗ ಅವರ ಪರವಾಗಿ ಇನ್ನೊಬ್ಬರು ನೀರಾಗ ಮುಳಗ್ತಾರ. ನಿಮ್ಮ ಮನಿಯೋರು ಈಗ ಮಾರ್ಮನ್ ಆಗಿರಬೇಕು ನೋಡ್ರಿ."

ತಮಾಷೆಗೆ ಹೇಳಿದ್ದೋ ನಿಜವೋ ಅವನ ಮುಖ ನೋಡಿದರೆ ತಿಳಿಯುವುದಿಲ್ಲ. ಏಳು ತಲೆಮಾರಿನ ಮಾಧ್ವ ಮನೆತನ. ಊಟ ಸೇರಲಿಲ್ಲ. ವರ್ಷಾಬ್ದಿಕಕ್ಕೆ ನಾನು ಪಿಂಡವಿಟ್ಟು ಕಾಯುತ್ತಿರಬೇಕು, ನಮ್ಮ ಮನೆಯವಳು ಅಲ್ಲಿ ಯೂಟಾದವರ ಸಾಲಿನಲ್ಲಿ ನಿಂತಿರಬೇಕು!

ಫೆಬ್ರವರಿ 26

ಬೆಳಿಗ್ಗೆಯೇ ಹೋಗಿ ಕೇಳಿಬಿಟ್ಟೆ. ಥಾರ್ಸನ್ ನಕ್ಕು ಕೆಮ್ಮಿ, ಆಮ್ಲಜನಕದ ನಳಿಕೆ ಸರಿಮಾಡಿಕೊಂಡು ಹೇಳಿದಳು: "ಅದು ಸ್ವಂತ ಮನೆಯವರಿಗೆ ಮಾತ್ರ, ಪ್ರೊಫೆಸರ್. ನಿಮ್ಮ ಹೆಂಡತಿ ನನ್ನ ಸಂಬಂಧಿಕಳಲ್ಲ. ಅವಳ ಹೆಸರು ಕಳಿಸುವ ಹಕ್ಕು ನನಗಿಲ್ಲ. ಕಳಿಸುವುದೂ ಇಲ್ಲ. ನಿಮ್ಮ ವಂಶವೃಕ್ಷ ಶಾಲೆಯ ಚಾರ್ಟಿನ ಮೇಲಿದೆ, ಅಷ್ಟೇ."

ಸಮಾಧಾನವಾಯಿತು. ಸ್ವಲ್ಪ ಹೊತ್ತಿನ ಮೇಲೆ ಯಾಕೋ ಬೇಜಾರೂ ಆಯಿತು. ಹೆಸರು ಕಳಿಸುವುದಿಲ್ಲವೆಂದು ಇಷ್ಟು ಸಲೀಸಾಗಿ ಹೇಳುವಂಥದ್ದೇನು, ನಮ್ಮ ಮನೆಯವಳೇನು ಅಷ್ಟಕ್ಕೂ ಲಾಯಕ್ಕಿಲ್ಲವೇ?

"ಮಾಡಿದರೂ ಸತ್ತವರು ಬೇಡವೆನ್ನಬಹುದು. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು ಎಂದು ನಮ್ಮ ನಂಬಿಕೆ" ಎಂದಳು. ನಮ್ಮ ಪಿತೃಗಳಿಗೆ ಆ ಸೌಲಭ್ಯವಿಲ್ಲ. ಹೆಸರು, ಗೋತ್ರ ಹೇಳಿ ಕರೆದರೆ ಬರಲೇಬೇಕು. ನಮ್ಮ ಕ್ರಮವೇ ಹೆಚ್ಚು ಶಿಸ್ತಿನದು ಎಂದು ವಿವರಿಸಿದೆ. ಅವಳು ಆಸಕ್ತಿಯಿಂದ ಕೇಳಿದಳು. ಬಹಳ ದಿನಗಳ ಮೇಲೆ ನನ್ನ ಪಾಠವನ್ನು ಯಾರೋ ಕೇಳಿದ್ದು.

ಮಾರ್ಚ್ 10

ಅರ್ಡೆಲ್ ಥಾರ್ಸನ್ನಳ ಪಾಂಡಿತ್ಯದ ವಿಷಯ ಇವತ್ತು ತಿಳಿಯಿತು. ಅವಳ ಮುತ್ತಜ್ಜನ ಕಾಲದಲ್ಲಿ ಅವರಲ್ಲಿ ಬಹುಪತ್ನಿತ್ವವಿತ್ತು, ಆಮೇಲೆ ನಿಂತಿತು. ಮುತ್ತಜ್ಜನಿಗೆ ಮೂವರು. ನಾನು ಮೀಸೆಯಲ್ಲೇ ನಕ್ಕೆ, ಅವಳು ಗಮನಿಸಿದಳು. ಆ ಕಾಲದ ಸಮಾಧಿಗಳಲ್ಲಿ ಗಂಡನ ಹೆಸರು ಪೂರ್ತಿ, ಹೆಂಡತಿ ಎಂದರೆ ಕೆಲವೆಡೆ ಬರೀ 'ಪತ್ನಿ'. ಇವಳು ಜೀವಮಾನವಿಡೀ ಅಂಥ ಹೆಂಗಸರು ಹುಟ್ಟಿದಾಗ ಇಟ್ಟ ಹೆಸರು ಹುಡುಕಿದವಳು. ಅದರ ಮೇಲೆ ದೊಡ್ಡ ಗ್ರಂಥವಿದೆ. ಮುತ್ತಜ್ಜನ ಎರಡನೆಯ ಹೆಂಡತಿಯದು ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ವಂಶವೃಕ್ಷದಲ್ಲಿ ಹೆಂಗಸರನ್ನು ತವರಿನ ಹೆಸರಿನಿಂದಲೇ ಬರೆಯುವುದು ಅವರ ನಿಯಮ. "ನಿಮ್ಮ ಹೆಂಡತಿಯ ರಮಾ ಎಂಬ ಹೆಸರು ತವರಿನದೇ?" ಎಂದು ಕೇಳಿದಳು.

ಅಲ್ಲ ಎಂದೆ. ನಮ್ಮಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಬರೆದು ಹೆಣ್ಣಿಗೆ ಹೊಸ ಹೆಸರಿಡುತ್ತಾರೆ ಎಂದು ವಿವರಿಸಿದೆ. ನಮ್ಮ ಮನೆಯವಳ ಹುಟ್ಟುಹೆಸರು ನನ್ನ ತಾಯಿಯದೇ ಆಗಿತ್ತು. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಕರೆದಾಗ ಗೊಂದಲವಾಗುತ್ತದೆ ಎಂದು ಅಮ್ಮ ಬದಲಾಯಿಸಿದಳು. ತರ್ಕಬದ್ಧವಾಗಿದೆ.

"ಏನಾಗಿತ್ತು ಆ ಹೆಸರು?"

ಅದೆಲ್ಲ ಈಗ ಯಾಕೆ ಎಂದೆ.

"ಒಬ್ಬಳದು ನನಗೆ ಗೊತ್ತಿಲ್ಲದೆ ಹುಡುಕುತ್ತಿದ್ದೇನೆ. ಇನ್ನೊಬ್ಬಳದು ನಿಮಗೆ ಗೊತ್ತಿದ್ದೂ ಹೇಳುತ್ತಿಲ್ಲ" ಎಂದಳು. ಕವಿಗಳಿಗೆ ಮರ್ಯಾದೆ ಕಡಿಮೆ.

ಮಾರ್ಚ್ 24

ಎರಡನೆಯ ಕರಡೂ ಬಿತ್ತು. ಬಿರುದು ತೆಗೆದ ಮೇಲೆ ಉಳಿದದ್ದು ಡೀನ್ ಎಂಬ ಅವರ ಗಂಡನ ಔಷಧದಂಗಡಿ, ಚರ್ಚಿನಲ್ಲಿ ಅವನು ಹೊತ್ತ ಜವಾಬ್ದಾರಿ, ಅವನ ತೋಟದ ಏಪ್ರಿಕಾಟ್ ಮರ. ಅರ್ಡೆಲ್ ತಾಳ್ಮೆಯಿಂದ ಕೇಳಿ, "ಚೆನ್ನಾಗಿದೆ. ನಾನು ಯಾವಾಗ ಬರುತ್ತೇನೆ?" ಎಂದರು.

ಕೊನೆಗೆ ನನಗೇ ಮನೆಪಾಠ ಕೊಟ್ಟರು. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನಿಗೆ! "ಮೊದಲು ನಿಮ್ಮ ಹೆಂಡತಿಯದು ಒಂದು ಪುಟ ಬರೆಯಿರಿ. ಬಿರುದಿಲ್ಲದೆ. ಅದು ಬಂದರೆ ನನ್ನದೂ ಬರುತ್ತದೆ. ಬೇಗ ಮಾಡಿ, ನನಗೆ ಸಮಯವಿಲ್ಲ."

ಅರ್ಧ ಗಂಟೆಯ ಕೆಲಸ. ನಾಳೆ ಮುಗಿಸುತ್ತೇನೆ.

ಮಾರ್ಚ್ 25

'ರಮಾ ಸಾಧ್ವಿ' ಎಂದು ಬರೆದೆ. ಹೊಡೆದುಹಾಕಿದೆ. 'ರಮಾ ಮಿತಭಾಷಿ.' ಅದನ್ನೂ ಹೊಡೆದೆ, ಅದು ನಿಜವೋ ಎಂಬುದು ಖಚಿತವಿಲ್ಲ.

ಮಾರ್ಚ್ 27

ರಮಾ.

ಹೊರಗೆ ಮಳೆ. ಅಭಿರಾಮ್ ಆಫೀಸಿಗೆ ಹೋಗಲಿಲ್ಲ.

ಏಪ್ರಿಲ್ 7

ಅರ್ಡೆಲ್ ಅವರ ಮನೆಯಲ್ಲಿ ಇವತ್ತು ವಿಚಿತ್ರ ನಡೆಯಿತು. ಸಾಮಾನ್ಯವಾಗಿ ನನಗೆ ಸಿಗುವುದು ನಿಂಬೆಹಣ್ಣು ಹಿಂಡಿದ ಬಿಸಿನೀರು. ಇವತ್ತು ಅವರು ನಡೆದಾಡುವ ಚೌಕಟ್ಟು ಹಿಡಿದು ಅಡಿಗೆಮನೆಗೆ ಹೋಗಿ ಒಂದು ಲೋಟ ಕಾಫಿ ತಂದಿಟ್ಟರು. ಗ್ರೋಸರಿಗೆ ಹೋಗಿ, ಜೀವನದಲ್ಲಿ ಮೊದಲ ಸಲ ಕಾಫಿಪುಡಿಯ ಸಾಲಿನಲ್ಲಿ ನಿಂತು, ಯಾವುದು ಒಳ್ಳೆಯದೆಂದು ತಿಳಿಯದೆ, ಪೊಟ್ಟಣದ ಮೇಲೆ ಹೂವಿನ ಚಿತ್ರವಿದ್ದದ್ದನ್ನು ತಂದಿದ್ದಾರೆ. ವೆನಿಲಾ ಪರಿಮಳದ್ದು. ಅಲ್ಲಿ ಅವರ ಚರ್ಚಿನ ಹೆಂಗಸೊಬ್ಬಳು ಎದುರಾಗಿ ಬುಟ್ಟಿಯನ್ನು ನೋಡಿದಳಂತೆ. "ಎಂಬತ್ತು ವರ್ಷ ಕಾಪಾಡಿಕೊಂಡ ಹೆಸರು ಹೋಯಿತು" ಎಂದು ನಕ್ಕರು.

ಆ ಕಾಫಿ ದನಗಳೂ ಕುಡಿಯುವಂಥದ್ದಲ್ಲ. ಪೂರ್ತಿ ಕುಡಿದೆ. ಇನ್ನೊಂದು ಲೋಟ ಬೇಕೇ ಎಂದರು. ಬೇಕು ಎಂದೆ.

ಮನೆಪಾಠದ ಮಾತು ತಪ್ಪಿಸಲು ಅವರ ಒಂದು ಪದ್ಯವನ್ನು ಕನ್ನಡಕ್ಕೆ ಮಾಡಿ ಓದಿದೆ. ಅರ್ಥವಾಗದಿದ್ದರೂ ಕಣ್ಣು ಮುಚ್ಚಿ ಕೇಳಿದರು.

ಕಲ್ಲಿನ ಮೇಲೆ ಅವನ ಹೆಸರು ಪೂರ್ತಿ ಇದೆ.
ಅವಳದು 'ಪತ್ನಿ' ಎಂದಷ್ಟೇ.
ಹಿಮ ಕರಗಿ ಎರಡೂ ನೆನೆಯುತ್ತವೆ.
ಬೆರಳಿನಿಂದ ಪಾಚಿ ಕೆರೆದೆ,
ಕೆಳಗೆ ಇನ್ನೇನಾದರೂ ಬರೆದಿದೆಯೇ ಎಂದು.

ಇದರಲ್ಲಿ ಒಂದೂ ಅಲಂಕಾರವಿಲ್ಲ. ನಾನಾಗಿದ್ದರೆ ಹಿಮಕ್ಕೆ ಕಣ್ಣೀರಿನ ಹೋಲಿಕೆ ತರುತ್ತಿದ್ದೆ. ಬೇಡ, ಹೀಗೇ ಇರಲಿ.

ಏಪ್ರಿಲ್ 20

ಅರ್ಡೆಲ್ಲಮ್ಮನಿಗೆ ಕಾಲು ಊದಿಕೊಂಡಿದೆ. ಆಸ್ಪತ್ರೆ ಬೇಡವೆಂದು ಹಾಸಿಗೆಯನ್ನು ಮುಂದಿನ ಕೋಣೆಗೇ ಹಾಕಿಸಿಕೊಂಡಿದ್ದಾರೆ. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಇಂಥವರನ್ನೇ ನೋಡುವ ಗಾರ್ಗಿ ಹೋಗಿ ಬಂದು, "ಅಪ್ಪಾ, ಬರೆಯೋದಿದ್ರೆ ಈಗ್ಲೇ ಬರ್ದುಬಿಡಿ. ಪೋಸ್ಟ್‌ಪೋನು ಮಾಡ್ಬೇಡಿ" ಎಂದಳು.

ಆದ್ದರಿಂದ ಪಾಠ ಮುಗಿಸಲು ಕೂತೆ. ಬಂದದ್ದು ಇಷ್ಟು:

ರಮಾ ನಾನು ಭಾಷಣ ಅಭ್ಯಾಸ ಮಾಡುವಾಗ ಅಡಿಗೆಮನೆಯಿಂದಲೇ ಮುಂದಿನ ಬಿರುದನ್ನು ನನಗಿಂತ ಮೊದಲು ಹೇಳುತ್ತಿದ್ದಳು. ನಾನು ಅದನ್ನು ಆಸಕ್ತಿ ಎಂದುಕೊಂಡಿದ್ದೆ. ಹಾಸ್ಯ ಇರಬಹುದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಲು ಇಷ್ಟ, ಆದರೆ ಕಿಟಕಿಯ ಪಕ್ಕ ನಾನು ಕೂರುತ್ತಿದ್ದೆ. ಭಾನುವಾರ ಅವಳ ಅಣ್ಣ ನಂಜನಗೂಡಿನಿಂದ ಫೋನು ಮಾಡುತ್ತಿದ್ದ. ಅವನು "ಅಂಬೂ" ಎಂದೊಡನೆ ಜೋರಾಗಿ ನಗುತ್ತಿದ್ದಳು. ಪಕ್ಕದ ಕೋಣೆಯಲ್ಲಿದ್ದ ನನಗೆ ಮನೆಗೆ ಯಾರೋ ಬಂದಿದ್ದಾರೆ ಅನಿಸುತ್ತಿತ್ತು. ಫೋನಿಟ್ಟ ಮೇಲೆ ಅವರು ಹೋಗಿಬಿಡುತ್ತಿದ್ದರು.

ಇದು ಜೀವನಚಿತ್ರವಲ್ಲ, ಚೂರುಪಾರು. ಆದರೂ ಓದಿದೆ. ಅರ್ಡೆಲ್ಲಮ್ಮ ತಲೆಯನ್ನು ದಿಂಬಿಗೆ ಒರಗಿಸಿದರು. ನಿದ್ದೆ ಬಂತೇನೋ ಎಂದುಕೊಂಡೆ. ಆಮೇಲೆ, "ಈಗ ನನ್ನದು ಬರೆಯಿರಿ" ಎಂದರು.

ಮೇ 5

ಮೂರನೆಯ ಕರಡು ಓದಿದೆ. ಅರ್ಡೆಲ್ಲಮ್ಮನ ಧ್ವನಿ ಬಹುಮಟ್ಟಿಗೆ ಹೋಗಿದೆ. ಓದುವಾಗ ಎರಡು ಸಲ ನಕ್ಕರು, ಒಂದು ಸಲ ಕೈ ಎತ್ತಿದರು. ಕೊನೆಯ ಸಾಲಿನಲ್ಲಿ ಅಭ್ಯಾಸಬಲದಿಂದ 'ಮಹಾನ್' ಎಂದು ನುಸುಳಿತ್ತು. ತೆಗೆದೆ.

"ಹೆಚ್ಚುಕಡಿಮೆ ನಾನೇ" ಎಂದರು.

ನಲವತ್ತು ವರ್ಷದ ಬಿನ್ನವತ್ತಳೆಯ ಕಸುಬಿನಲ್ಲಿ ಇಷ್ಟು ಜಿಪುಣ ಮೆಚ್ಚುಗೆ ಯಾರೂ ಕೊಟ್ಟಿರಲಿಲ್ಲ. ಮನೆಗೆ ಬಂದು ಗಾರ್ಗಿಗೆ ಎರಡು ಸಲ ಹೇಳಿದೆ. ಊಟದ ಹೊತ್ತಿಗೆ ಅಭಿರಾಮನಿಗೂ ಹೇಳಿದೆ. ಅವನು "ಗುಡ್ ಮಾವ" ಎಂದ.

ಮೇ 14

ಅರ್ಡೆಲ್ಲಮ್ಮ ಬೆಳಿಗ್ಗೆ ಹೋದರು. ಕಸದ ಡಬ್ಬಿ ಎಳೆಯುವ ದಿನ. ಅವರದನ್ನೂ ನಾನೇ ಎಳೆದಿಟ್ಟೆ.

ಮೇ 18

ಅಂತ್ಯಕ್ರಿಯೆ ಅವರ ಚರ್ಚಿನಲ್ಲಿ. ಕೋಟು ಹಾಕಿಕೊಂಡು ಹೋದೆ. ವಿರುಪಾಕ್ಷಪ್ಪನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ, ನನ್ನನ್ನು ಯಾರಾದರೂ ನೀರಿಗೆ ಮುಳುಗಿಸಿದರೆ ಸಾಕ್ಷಿಗೆ ಬೇಕಲ್ಲ. ಅವರ ಬಿಷಪ್ಪು ಭಾನುವಾರ ಮಾತ್ರ ಬಿಷಪ್ಪು, ವಾರವೆಲ್ಲ ಹಲ್ಲಿನ ಡಾಕ್ಟರು. ನನ್ನ ಹೆಸರನ್ನು ತಪ್ಪಿಲ್ಲದೆ ಕರೆದರು. ಅರ್ಡೆಲ್ಲಮ್ಮ ಹೇಳಿಕೊಟ್ಟಿದ್ದರಂತೆ. ಓದಿದ್ದನ್ನು ಇಲ್ಲಿ ಇಳಿಸಿಡುತ್ತೇನೆ:

"ಅರ್ಡೆಲ್ ಥಾರ್ಸನ್ ಯೂಟಾದ ಒಂದು ಸಣ್ಣ ಊರಿನಲ್ಲಿ ಹುಟ್ಟಿದರು. ಮನೆಯಲ್ಲಿ ಟರ್ಕಿ ಕೋಳಿ ಸಾಕುತ್ತಿದ್ದರು. ಅರ್ಡೆಲ್‌ಗೆ ಟರ್ಕಿಗಳೆಂದರೆ ಭಯ. ಮೊದಲ ಪದ್ಯವನ್ನು ಮೇವಿನ ಚೀಲದ ಕಾಗದದ ಮೇಲೆ ಬರೆದರು. ಅದನ್ನು ಟರ್ಕಿ ತಿಂದಿತು. ಅದೇ ತಮ್ಮ ಅತ್ಯಂತ ಗಮನವಿಟ್ಟ ಓದುಗ ಎನ್ನುತ್ತಿದ್ದರು. ಮದುವೆಯಾದರು. ಪಾಠ ಹೇಳಿದರು. ರಜೆಗಳಲ್ಲಿ ಸ್ಮಶಾನಗಳಿಗೆ ಹೋಗಿ ಮಂಡಿಯೂರಿ ಕಲ್ಲು ಓದಿದರು. 'ಪತ್ನಿ' ಎಂದಷ್ಟೇ ಬರೆದಿದ್ದ ಹೆಂಗಸರ ಹೆಸರು ಹುಡುಕಿದರು. ಬಹಳ ಜನರದು ಸಿಕ್ಕಿತು. ಮುತ್ತಜ್ಜನ ಎರಡನೆಯ ಹೆಂಡತಿಯದು ಸಿಗಲಿಲ್ಲ. ಈಗ ಅವಳನ್ನೇ ಕೇಳುತ್ತೇನೆ ಎಂದು ಹೇಳಿ ಹೋಗಿದ್ದಾರೆ. ಈ ಚರ್ಚಿನಲ್ಲಿ ಮಕ್ಕಳಿಗೆ ಪಿಯಾನೋ ನುಡಿಸಿದರು. ತಪ್ಪು ನುಡಿಸುತ್ತಿದ್ದರು, ಅದು ಅವರಿಗೆ ಗೊತ್ತಿತ್ತು, ನೀವು ಯಾರೂ ಹೇಳಲಿಲ್ಲ. ಎದುರುಮನೆಯವನಿಗಾಗಿ ಒಮ್ಮೆ ಕಾಫಿಪುಡಿ ಕೊಂಡರು. ತಾವು ಕುಡಿಯಲಿಲ್ಲ."

ಕಾಫಿಯ ಮಾತಿಗೆ ಮೂರನೆಯ ಸಾಲಿನಲ್ಲಿದ್ದ ಹೆಂಗಸೊಬ್ಬಳು "ಓಹ್!" ಎಂದಳು, ಗ್ರೋಸರಿಯಲ್ಲಿ ಎದುರಾದವಳು ಅವಳೇ ಇರಬೇಕು. ಮೊದಲು ನಕ್ಕವಳೂ ಅವಳೇ. ಆಮೇಲೆ ಎಲ್ಲರೂ ನಕ್ಕರು, ಕೆಲವರು ಅತ್ತರು. ನನಗೆ ಚಪ್ಪಾಳೆ ಸಿಗದ ಮೊದಲ ಭಾಷಣ. ಚರ್ಚಿನಲ್ಲಿ ತಟ್ಟುವುದಿಲ್ಲವಂತೆ.

ಆಮೇಲೆ ಅವರ ಹೆಂಗಸರು ಊಟ ಹಾಕಿದರು. ಸಾವಿನ ಮನೆಗೆಂದೇ ಮಾಡುವ ಆಲೂಗಡ್ಡೆಯ ಒಂದು ಪದಾರ್ಥವಿದೆ, ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿರುತ್ತಾರೆ. ನನಗೆಂದು ಮಾಂಸದ ಸೋಂಕಿಲ್ಲದ ತಟ್ಟೆಯೊಂದನ್ನು ಬೇರೆಯೇ ಇಟ್ಟಿದ್ದರು. ಅದನ್ನೂ ಅರ್ಡೆಲ್ಲಮ್ಮನೇ ಮೊದಲೇ ಹೇಳಿದ್ದರಂತೆ. ಕಣ್ಣಿಗೆ ಏನೋ ಬಿತ್ತು, ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಜೂನ್ 9

ವರ್ಷಾಬ್ದಿಕ ಆಯಿತು. ಫ್ರೀಮಾಂಟಿನಿಂದ ಬಂದ ಆಚಾರ್ಯರು ಚಿಕ್ಕವರು, ಚುರುಕು. ಮೊದಲು ಹೊಗೆಯ ಅಲಾರಮ್ಮಿನ ಬ್ಯಾಟರಿ ತೆಗೆಸಿ, ಆಮೇಲೆ ಆಚಮನ ಮಾಡಿಸಿದರು. ಗೋತ್ರ ಕೇಳಿದರು, ಹೇಳಿದೆ. ಹೆಸರು ಕೇಳಿದರು.

"ಅಂಬುಜಾ" ಎಂದೆ.

ಆಚಾರ್ಯರು ಪಕ್ಕದಲ್ಲಿದ್ದ ಫೋನು ನೋಡಿದರು. "ಮೆಸೇಜಲ್ಲಿ ರಮಾ ಅಂತ ಇದ್ಯಲ್ಲ ಸಾರ್. ಅಂಬುಜಾಬಾಯಿ ಅಂದ್ರೆ ನಿಮ್ಮ ತಾಯಿಯವರು."

"ಅವರೂ ಅಂಬುಜಾನೇ, ಇವಳೂ ಅಂಬುಜಾನೇ."

"ಇಬ್ರುದೂ ಒಂದೇ ಹೆಸರು ಹೇಳಿದ್ರೆ ಕನ್ಫ್ಯೂಸು ಆಗಲ್ವಾ ಸಾರ್?"

"ಕರೆಯೋನು ನಾನೊಬ್ಬನೇ. ನನಗಾಗಲ್ಲ. ಮುಂದುವರಿಸಿ."

ಪಾಯಸ ಕದಡುತ್ತಿದ್ದ ಗಾರ್ಗಿಯ ಕೈ ನಿಂತಿತು. ಮೆಟ್ಟಿಲ ಮೇಲೆ ಕೂತಿದ್ದ ನಿಹಾರಿಕಾ "ತಾತಾ, ಹೂ ಇಸ್ ಅಂಬುಜಾ?" ಎಂದಳು.

"ನಿಮ್ಮಜ್ಜಿ ಕಣೇ" ಎಂದೆ.

ಆಚಾರ್ಯರು ಹಾಗೇ ಹೇಳಿಸಿದರು. ಅಂಬುಜಾಳಿಗೆ ಎಳ್ಳುನೀರು ಬಿಟ್ಟೆ, ಅಮ್ಮನಿಗೂ ಬಿಟ್ಟೆ. ಯಾರೂ ಗೊಂದಲ ಮಾಡಿಕೊಂಡಂತೆ ಕಾಣಲಿಲ್ಲ. ಹಿತ್ತಲ ಬೇಲಿಯ ಮೇಲೆ ಕಾಗೆ ಕಾಯುತ್ತಲೇ ಕೂತಿತ್ತು. ಗಾರ್ಗಿ ಊಟಕ್ಕೆ ಬಡಿಸುವಾಗ ಯಾಕೋ ಅಳುತ್ತಿದ್ದಳು. ಹೊಗೆಯಿರಬೇಕು, ಈ ದೇಶದ ಮನೆಗಳಲ್ಲಿ ಗಾಳಿಯಾಡುವುದಿಲ್ಲ.

ಮಧ್ಯಾಹ್ನ ಎದುರುಮನೆಗೆ ಹೇಳಿ ಬರೋಣವೆಂದು ಚಪ್ಪಲಿ ಮೆಟ್ಟಿದೆ. ರಸ್ತೆ ಅರ್ಧ ದಾಟಿದ ಮೇಲೆ ನೆನಪಾಯಿತು. ವಾಪಸು ಬಂದು ಇಲ್ಲಿ ಬರೆದಿದ್ದೇನೆ.